ಮಥುರಾಬಾಯಿ, ಈ ಕಟ್ಟು ಹರಿಯಬೇಡ

ಕಿಲೋಗೆ ಹದಿನೆಂಟರಂತೆ ನಾನು ತೂಗಿ ಕೊಡುತ್ತಿದ್ದೆ,
ನೀನು ಒಣಸಿಗಡಿ ಕಟ್ಟುತ್ತಿದ್ದೆ.
ಅಷ್ಟೇ ನಮ್ಮ ಸಾಹಿತ್ಯ ಸಂಬಂಧ.
ಇವತ್ತು ಬುಟ್ಟಿ ಇಳಿಸಿ ಕೇಳಿದೆಯಲ್ಲ,
“ಆ ಎಲ್‌ಐಸಿ ಆಫೀಸಿನವ ಮತ್ತೆ ಬಂದಿದ್ದ.
ಮೀನು ಬೇಡವಂತೆ, ಮುಂದಿನ ಹಾಳೆ ಬೇಕಂತೆ.
ಗೋಪುರದಿಂದ ಬಿದ್ದವಳು ಏನಾದಳು ಅಂತ ನನ್ನ ಕೇಳ್ತಾನೆ.
ನಾನೇನು ದೂಡಿದ್ದೆನಾ?”

ಕೂತುಕೋ. ಆ ತೂಕದ ಕಲ್ಲು ಸರಿಸು.

ಅರ್ಗಾದ ನೇವಿ ಕ್ವಾರ್ಟರ್ಸಿನಲ್ಲಿ ಯಾರಿಗಾದರೂ ವರ್ಗವಾದರೆ
ನನಗೆ ಫೋನು ಬರುತ್ತದೆ.
ಮಂಚ ವಿಶಾಖಪಟ್ಟಣಕ್ಕೆ, ಫ್ರಿಜ್ಜು ವಿಶಾಖಪಟ್ಟಣಕ್ಕೆ,
ಹುಡುಗ ಬಾಗಿಲಲ್ಲಿ ನಿಂತು ನೋಡುತ್ತಿರುತ್ತಾನೆ
ತನ್ನ ನಾಲ್ಕು ವರ್ಷ ನನ್ನ ಟೆಂಪೋ ಹತ್ತುವುದನ್ನು.
ಅವನೆದುರು ತಕ್ಕಡಿ ಹಿಡಿಯುವುದಿಲ್ಲ ನಾನು.
ಗೇಟಿನ ಹೊರಗೆ ಬಂದು ತೂಗುತ್ತೇನೆ.

ಮೊದಲನೇ ಸಂಚಿಕೆ ಎಲ್ಲಿ ಎಂದು ಹುಡುಕಬೇಡ.
ಸಿಗುವುದಿಲ್ಲ, ನನಗೂ ಸಿಕ್ಕಿಲ್ಲ.
ಅಂಕೋಲೆಯಲ್ಲಿ ಬಸ್ಸು ಹತ್ತಿದವಳು
ಹುಬ್ಬಳ್ಳಿಯಲ್ಲಿ ಏನೇನಾಯಿತೆಂದು ಕಂಡಕ್ಟರನನ್ನು ಕೇಳುತ್ತೀಯಾ?
ಹಿಂದಿನ ಸೀಟಿನ ಜಗಳ ಅರ್ಧದಿಂದ ಕೇಳಿಸಿಕೊಂಡು
ಬಿಣಗಾ ಬರುವಷ್ಟರಲ್ಲಿ ಯಾರ ತಪ್ಪೆಂದು ತೀರ್ಮಾನಿಸಿರುತ್ತೀಯ.
ಹಾಗೆಯೇ.

ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ.
ಚೌಕ, ಚೌಕ, ನಡುವೆ ಬಿಳಿ ಸಂದು.
ಈ ಚೌಕದಲ್ಲಿ ಮುಷ್ಟಿ ಎತ್ತಿದ್ದಾಳೆ,
ಆ ಚೌಕದಲ್ಲಿ ಅವನು ನೆಲದ ಮೇಲಿದ್ದಾನೆ.
ಹೊಡೆದದ್ದು? ಎಲ್ಲೂ ಬರೆದಿಲ್ಲ.
ಹೊಡೆದವಳು ನೀನು, ಆ ಸಂದಿನಲ್ಲಿ.
ನಿಮ್ಮ ಮನೆಯವರು ಬಲೆ ನೇಯುವಾಗ ನೋಡಿದ್ದೀಯಲ್ಲ,
ದಾರಕ್ಕೆಷ್ಟು ಕೆಲಸವೋ ತೂತಿಗೂ ಅಷ್ಟೇ.

ಚಡ್ಡಿ ಮೇಲೆ ಹಾಕಿಕೊಂಡಿದ್ದಾರೆ, ಹೌದು. ನಗು.
ಮೂರು ಪುಟ ನಗು, ನಾನೂ ನಕ್ಕಿದ್ದೆ.
ನಾಲ್ಕನೆಯದರಲ್ಲಿ ಮರೆತಿರುತ್ತೀಯ,
ನಿನ್ನ ಬುಟ್ಟಿಯ ವಾಸನೆ ನಿನಗೆ ಮರೆತ ಹಾಗೆ.

ಸತ್ತರೆ ಅಳಬೇಡ. ಈ ಬೂದು ಮುಖವಾಡದವಳು
ನನ್ನ ಅಂಗಡಿಯಲ್ಲೇ ಐದು ಸಲ ಸತ್ತಿದ್ದಾಳೆ.
ಒಮ್ಮೆಯಂತೂ ಹೂವಿಟ್ಟು ಹೂತೇಬಿಟ್ಟರು,
ಇಡೀ ಪೇಟೆ ಕೊಡೆ ಹಿಡಿದು ನಿಂತಿತ್ತು.
ಮುಂದಿನ ಕಟ್ಟಿನಲ್ಲಿ ನೋಡಿದರೆ ಲಿಫ್ಟು ರಿಪೇರಿ ಮಾಡುತ್ತಿದ್ದಾಳೆ.
ಹಗಲು ಅವಳ ಕೆಲಸ ಅದು.
ಇದನ್ನು ನಿನಗೆ ಹೇಳಲು ನಾಲಿಗೆ ತಡೆಯಿತು.
ನಿನ್ನ ತಮ್ಮ ದಾಮೋದರ ಆ ಸೆಪ್ಟೆಂಬರಿನಿಂದ ದಡಕ್ಕೆ ಬಂದಿಲ್ಲ.
ಬೇಕಿದ್ದರೆ ಅವಳು ಎದ್ದು ಬರುವ ಪುಟ ಹಾರಿಸು.
ಬೇಡದಿದ್ದರೆ ಅದನ್ನೇ ಎರಡು ಸಲ ಓದು.

ನೀನೇನು ಕೇಳುತ್ತೀ ಗೊತ್ತು.
ಕಾಳಿಯ ಹಳೇ ಸೇತುವೆ ಬಿದ್ದ ರಾತ್ರಿ
ಬೆನ್ನಿಗೆ ಬಟ್ಟೆ ಕಟ್ಟಿಕೊಂಡು ಯಾರು ಹಾರಿ ಬಂದರು?
ಯಾರೂ ಇಲ್ಲ. ದೋಣಿಯವರು ಹೋದರು.
ಅವರೇ ನಿಜವಾದ ವೀರರು ಎಂದು ಮೈಕಿನಲ್ಲಿ ಹೇಳುವವರಿದ್ದಾರೆ,
ಡೀಸೆಲ್ಲಿಗೆ ಎಷ್ಟಾಯಿತೆಂದು ಅಂಥವರು ಕೇಳುವುದಿಲ್ಲ.
ಆ ಮಾತು ನಾನು ಮಾರುವುದಿಲ್ಲ.
ನನ್ನದು ಇಷ್ಟೇ:
ಇದರಲ್ಲಿ ಸುಳ್ಳು ಹೇಳುವ ದೊಡ್ಡ ಮನುಷ್ಯನಿಗೆ
ಇಪ್ಪತ್ತೆರಡನೇ ಪುಟದಲ್ಲಿ ಏಟು ಬೀಳುತ್ತದೆ.
ಏಟಿನ ಸದ್ದು ಇಸ್ವಾಣದಷ್ಟು ದೊಡ್ಡ ಅಕ್ಷರದಲ್ಲಿ, ಹಳದಿಯಲ್ಲಿ.
ಅದನ್ನು ಓದಲು ಇಂಗ್ಲಿಷ್ ಬೇಡ.
ದಿನಕ್ಕೊಂದು ಸಲ ಅಂಥ ಸದ್ದು ಕಿವಿಗೆ ಒಳ್ಳೆಯದು.

ದುಡ್ಡು ಒಳಗಿಡು.
ಸಿಗಡಿ ಕಟ್ಟಲು ಬೇರೆ ತೆಗೆದಿಟ್ಟಿದ್ದೇನೆ,
ಹಳೇ ಟೆಂಡರು ನೋಟೀಸು, ದಪ್ಪ ಕಾಗದ, ಯಾರೂ ಮುಂದಿನ ಹಾಳೆ ಕೇಳುವುದಿಲ್ಲ.
ಇದನ್ನು ಕೈ ಒರೆಸಿಕೊಂಡು ಮುಟ್ಟು.
ಒರೆಸದಿದ್ದರೂ ನಡೆಯುತ್ತದೆ.

ಗೋಪುರದಿಂದ ಬಿದ್ದವಳಾ?
ಅವಳ ಮುಂದಿನ ಹಾಳೆ ಶನಿವಾರ ನೀನೇ
ಯಾರಿಗೋ ಕಟ್ಟಿ ಕೊಟ್ಟಿದ್ದೀಯ, ಮಾರಾಯ್ತಿ.
ಕೋಡಿಬಾಗದ ಕಡೆ ಯಾವುದೋ ಅಡುಗೆಮನೆಯಲ್ಲಿ
ಅವಳು ಇನ್ನೂ ಬೀಳುತ್ತಿದ್ದಾಳೆ.

ಎಲ್‌ಐಸಿಯವನಿಗೆ ಬದುಕಿದಳು ಅಂತ ಹೇಳು.
ಹೇಗೆ ಅಂದರೆ ನನ್ನ ಹತ್ತಿರ ಕಳಿಸು.
ಅಷ್ಟರಲ್ಲಿ ಏನಾದರೂ ಯೋಚಿಸಿರುತ್ತೇನೆ.