ಎಂಜಿನ್ ಆರಿಸಿದ ಮೇಲೆ

ಸಾನ್ ಇಗ್ನಾಸಿಯೊ ಹಿನ್ನೀರ ನಡುವೆ
ಎಂಜಿನ್ ಆರಿಸಿದ ಎಲ್ಯುತೇರಿಯೊ.
"ನಾವು ಹೋಗೋದಲ್ಲ, ಅವಳೇ ಬರಬೇಕು" ಅಂದ,
ಹೆಣ್ಣು ಕೇಳಲು ಬಂದವನಂತೆ ದನಿ ತಗ್ಗಿಸಿ.

ಅವನಜ್ಜ ಪಿಶಾಚಿ ಮೀನು ಅನ್ನುತ್ತಿದ್ದನಂತೆ.
ದೂರದಲ್ಲಿ ಬೆನ್ನು ಕಂಡರೆ ಸಾಕು,
ಹುಟ್ಟಿನಿಂದ ದೋಣಿಯ ಮಗ್ಗುಲು ಬಡಿಬಡಿದು
ದಡ ಸೇರುತ್ತಿದ್ದನಂತೆ.

ಹತ್ತು ನಿಮಿಷ. ಬರೀ ನೀರು.
ಟಿಹುವಾನಾದ ದಂತವೈದ್ಯೆ ಗಡಿಯಾರ ನೋಡಿದಳು.

ಆಮೇಲೆ ಬುಸ್ಸೆಂದು ಒಂದು ಉಸಿರು,
ಹಳಸಿದ ಎಲೆಕೋಸಿನ ವಾಸನೆ,
ಕನ್ನಡಕದ ತುಂಬ ತುಂತುರು.
ಬೂದು ಬಂಡೆಗೆ ಚಿಪ್ಪು ಕಚ್ಚಿತ್ತು, ಹೇನು ಹರಿಯುತ್ತಿತ್ತು,
ಬಂಡೆಗೆ ಕಣ್ಣಿತ್ತು.

ಮರಿಯನ್ನು ಕೆಳಗಿಂದ ಬೆನ್ನಲ್ಲೇ ಎತ್ತಿ ತೋರಿಸಿದಳು ತಾಯಿ.
ಎಲ್ಲರೂ ಕೈ ಚಾಚಿದೆವು.

ಎಲ್ಯುತೇರಿಯೊ ಮಾತ್ರ
ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ,
ಮತ್ತೆ ಒರೆಸಿಕೊಂಡ.