ಎಡಗಡೆಯ ಜೇಬು

ಸೊಹಾರಿನ ಮೀನುಪೇಟೆಯ ಹಿಂದೆ ನನ್ನ ಅಂಗಡಿ.
ಎರಡು ಯಂತ್ರ, ಒಂದು ಇಸ್ತ್ರಿ, ಸದ್ದಷ್ಟೇ ಮಾಡುವ ಏಸಿ.
ಇಪ್ಪತ್ತೆರಡು ವರ್ಷದಿಂದ ಬಿಳಿ ಬಟ್ಟೆಗೆ ಬಿಳಿ ದಾರ.

ಈದಿಗೆ ಎಂಟು ದಿನ ಇರುವಾಗ ಬಂದ ಮುದುಕ ಸರ್‌ಹಾನ್,
ಬಂದರಿನಲ್ಲಿ ಉಬ್ಬರ ಇಳಿತ ಬರೆದಿಟ್ಟು ನಿವೃತ್ತನಾದವನು.
'ಜೇಬು ಎಡಗಡೆ. ಆಳ ಇರಲಿ.'
ಎಷ್ಟು ಆಳ?
ಹಳೆಯ ಜೇಬಿನಿಂದ ಹಲಗೆಯೊಂದನ್ನು ತೆಗೆದ, ಬೀಡಿಕಟ್ಟಿನಷ್ಟು;
ನಡುವೆ ತೂತು, ತೂತಿಗೆ ದಾರ, ದಾರಕ್ಕೆ ಒಂಬತ್ತು ಗಂಟು.
ದಾರ ಹಲ್ಲಲ್ಲಿ ಕಚ್ಚಿ, ಹಲಗೆ ಮುಂದೆ ಚಾಚಿ
ನನ್ನ ಟ್ಯೂಬ್‌ಲೈಟನ್ನೇ ಧ್ರುವ ಮಾಡಿ ಅಳೆದ.
'ಎರಡೂವರೆ ಬೆರಳು.'
ಕೊರಳಲ್ಲಿದ್ದ ನನ್ನ ಟೇಪು ಸುಮ್ಮನಿತ್ತು.

ಆಮೇಲೆ ಹೇಳಿದ್ದು ಪುಸ್ತಕದಲ್ಲಿ ಸಿಗುವುದಿಲ್ಲ,
ಹುಡುಕಬೇಡಿ. ಕಹ್ವಾ ಆರುವುದರೊಳಗೆ ಮುಗಿದ ಕಥೆ.

ಇದೇ ಊರಿನಲ್ಲಿ ಒಬ್ಬ ಘೈಲಾನ್ ಇದ್ದನಂತೆ,
ತಾಮ್ರದ ಕುಲುಮೆಗಳ ಹೊಗೆ ಗುಡ್ಡದಿಂದ ಇಳಿಯುತ್ತಿದ್ದ ಕಾಲಕ್ಕೆ.
ಮಾಳಿಗೆಯ ಮೇಲೆ ಬಿಲ್ಲಿನಂತೆ ಕಮಾನು ಗೀಚಿ
ಹೆದೆಯನ್ನು ಅರ್ಧಕ್ಕೆ ಕಡಿದು
ಆ ಅರ್ಧದ ಉದ್ದ ಬರೆದಿಡುತ್ತಿದ್ದ. ತೊಂಬತ್ತು ಭಾಗ, ತೊಂಬತ್ತು ಅಂಕಿ.
ಹೆಂಡತಿ ರಯ್ಯಾ ದೀಪದೆಣ್ಣೆಯ ಲೆಕ್ಕವನ್ನೂ
ಅದೇ ಕಾಗದದ ಅಂಚಿಗೆ ಬರೆದಳು.

ಆ ಅರ್ಧಕ್ಕೆ ಅವರಿಟ್ಟ ಹೆಸರು ಜೈಬ್.
ನಮ್ಮ ಕಡೆಯಿಂದ ಜ್ಯಾ ಎಂದು ಹೊರಟದ್ದು
ಜೀವಾ, ಜೀಬ ಎಂದು ಬಾಯಿಂದ ಬಾಯಿಗೆ ಸವೆದು,
ಸ್ವರ ಕಳೆದುಕೊಂಡು, ಎದೆಯ ಮೇಲಿನ ಬಟ್ಟೆಯ ಮಡಿಕೆಗೆ ಜಾರಿ,
ಬಿಲ್ಲು ಮರೆತು
ಜೇಬಾಗಿ ನಮ್ಮಲ್ಲಿಗೇ ತಿರುಗಿ ಬಂತು.
ಇಷ್ಟು ವರ್ಷ ಹೊಲಿದದ್ದೆಲ್ಲ ಹೆದೆಯೇ,
ಗೊತ್ತಿರಲಿಲ್ಲ.

ಹದಿನಾಲ್ಕನೆಯ ಸಾಲು ತಪ್ಪಿತ್ತು.
ಒಂದು ಸೊನ್ನೆ, ನೊಣದ ಹಾಗೆ, ಬೇರೆಯವರ ಮನೆಯಲ್ಲಿ ಕೂತಿತ್ತು.
ಪಟ್ಟಿ ನಂಬಿ ಮಂಗಳೂರಿಗೆ ಹೊರಟ ಖರ್ಜೂರದ ಹಡಗು
ಅರ್ಧ ಬೆರಳು ಬಡಗಿಗೆ ಸರಿದು
ಯಾವುದೋ ಅಳಿವೆಯ ಮರಳಿಗೆ ಕೂತಿತು.
ಹೋದವರು ಹದಿನೇಳು. ತಿರುಗಿ ಬಂದವರು ನಾಲ್ಕು.

ಘೈಲಾನ್ ಮತ್ತೆ ಒಂದರಿಂದ ಶುರು ಮಾಡಿದ.
ಹನ್ನೊಂದು ವರ್ಷ. ತಪ್ಪು ಸಿಕ್ಕಿದ ರಾತ್ರಿ
ಅಳಿಸಲಿಲ್ಲ, ಪಕ್ಕದಲ್ಲಿ ಬರೆದ:
ಇದು ನನ್ನ ಕೈ. ನಕ್ಷತ್ರದ್ದಲ್ಲ.

ಅರ್ಧ ಬೆರಳು ಎಂದರೇನೆಂದು ನನಗೆ ಹೇಳಿಕೊಡಬೇಕೇ?
ಒಬ್ಬ ಮದುಮಗನ ಕೊರಳಪಟ್ಟಿ ಅಷ್ಟೇ ಬಿಗಿಯಾಗಿ
ಮದುವೆಯ ಫೋಟೋಗಳಲ್ಲೆಲ್ಲ ಉಸಿರು ಹಿಡಿದು ನಿಂತಿದ್ದಾನೆ.
ದುಡ್ಡು ವಾಪಸು ಕೊಟ್ಟೆ. ಬಟ್ಟೆ ಕುಗ್ಗಿದೆ ಎಂದೆ.

'ಉಳಿದ ಹದಿಮೂರು ಜನ?'
ಸರ್‌ಹಾನ್ ನನ್ನ ಮೂಗನ್ನು ಕೊಂಚ ಹೆಚ್ಚೇ ಹೊತ್ತು ನೋಡಿದ.
'ನಿನ್ನ ಊರು ಯಾವುದು ಅಂದೆ?'
ಭಟ್ಕಳ.
ಅವನು ಲೋಟ ಅಲ್ಲಾಡಿಸಿದ, ಇನ್ನು ಸಾಕು ಎಂಬಂತೆ.

ಸೀಮೆಸುಣ್ಣದಲ್ಲಿ ಎಡಕ್ಕೆ ಒಂದು ಕಮಾನು ಎಳೆದೆ.
ಅಳತೆ ಎರಡು ಸಲ ತೆಗೆದೆ. ಬರೆದುಕೊಂಡೆ:
ಸರ್‌ಹಾನ್, ಒಂದು, ಜೇಬು ಹಲಗೆಯಷ್ಟು ಆಳ,
ಮುಂಗಡ ಎರಡು ರಿಯಾಲ್, ಬಾಕಿ ಇದೆ.
ಅವನು ಹೋದ ಮೇಲೆ ಹಳೆಯ ಪುಟಗಳನ್ನು ತಿರುವಿದೆ.
ಆ ಮದುಮಗನ ಫೋನ್ ನಂಬರು
ಇನ್ನೂ ಅಲ್ಲೇ ಇತ್ತು.