ಹಳ್ಳಕ್ಕೆ ಅಡ್ಡ ಬಿದ್ದ ಕಬ್ಬಿಣ

ಹಳ್ಳ ದಾಟಲು ಯಾರೋ ಯಾವಾಗಲೋ
ಅಡ್ಡ ಹಾಕಿದ ಕಬ್ಬಿಣ.
ಉರುಗ್ವೆಯ ಕಾರ್ಮೆಲೋ ಪೇಟೆಯಿಂದಾಚೆ, ನಮ್ಮ ಹುಲ್ಲುಗಾವಲ ಅಂಚಿಗೆ
ಅರವತ್ತು ವರ್ಷ ಕುರಿಗಳು ಅದರ ಮೇಲೆ ನಡೆದವು.
ಹಲಗೆ ಕೊಳೆತಾಗ ಹಲಗೆ ಬದಲಾಯಿತು,
ಕೆಳಗಿನದನ್ನು ಯಾರೂ ನೀನ್ಯಾರು ಅನ್ನಲಿಲ್ಲ.

ಈ ಮಾರ್ಚಿಯ ನೆರೆ ಹಲಗೆಗಳನ್ನು ಹೊತ್ತೊಯ್ದ ಮೇಲೆ
ಅದೆಮಾರ್ ಮಾವ ಬಗ್ಗಿ ನೋಡಿದ, ಇನ್ನೂ ಬಗ್ಗಿ ನೋಡಿದ:
"ಸೇತುವೆಯಲ್ಲವೋ ಇದು. ಕಾರು."

ಟ್ರ್ಯಾಕ್ಟರಿಗೆ ಸರಪಳಿ ಬಿಗಿದು ಎಳೆದೆವು.
ಎರಡು ಉದ್ದ ತೊಲೆ, ಐದು ಅಡ್ಡಪಟ್ಟಿ,
ಹಿಂದಿನ ಅಚ್ಚು ಕೂರುವಲ್ಲಿ ಬೆನ್ನು ತುಸು ಗೂನು.
ಎಂಜಿನ್ ಇಲ್ಲ, ಗಾಲಿ ಇಲ್ಲ,
ಹೆಸರಿನ ತಗಡಿದ್ದ ಜಾಗದಲ್ಲಿ
ನಾಲ್ಕು ತೂತು ಮಾತ್ರ, ಚೌಕಾಕಾರ ಮೌನ.
ಡೀಸೆಲ್ಲು, ತಂತಿ ಬ್ರಷ್ಷು, ಎರಡು ಭಾನುವಾರ.

ನದೀಮೂಲ, ಋಷಿಮೂಲ ಕೆದಕಬಾರದಂತೆ.
ಕಬ್ಬಿಣದ ಮೂಲ ಕೆದಕಬಾರದೆಂದು
ಯಾರೂ ಹೇಳಿಟ್ಟಿಲ್ಲ.

ರೈಲ್ವೆ ಕಾರ್ಖಾನೆಯಿಂದ ನಿವೃತ್ತನಾದ ಎಲಿಸೆಯೋ
ಬೋಲ್ಟಿನ ಎಳೆಗಳನ್ನು ಉಗುರಲ್ಲಿ ಎಣಿಸಿ ಅಂದ:
"ಇಂಚಿನ ಲೆಕ್ಕ. ಇಂಗ್ಲಿಷರದು."
"ಅದು ಹಿಂದಿನ ಬೋಲ್ಟು," ಅಂದ ಔಷಧಿ ಅಂಗಡಿಯ ಒಲಿವೇರಾ,
"ಮುಂದಿನದು ಮಿಲಿಮೀಟರು. ಇಟಲಿ, ಆಣೆ ಮಾಡ್ತೀನಿ."
ಗುಜರಿಯ ಗುಮೆರ್ಸಿಂದೋ ಆಣೆ ಮಾಡಲಿಲ್ಲ,
ಸ್ಪ್ರಿಂಗು ತೂಗುವ ಕೊಕ್ಕೆಯ ಬಾಗು ಸವರಿ
"ಫ್ರಾನ್ಸು" ಎಂದು ಉಗುಳಿ ಸುಮ್ಮನಾದ.
ಕಹಿ ಮಾಟೆ ಕಷಾಯದ ಬುರುಡೆ ಕೈಯಿಂದ ಕೈಗೆ ಸುತ್ತಿತು.
ಕುಲಗೋತ್ರ ಕೇಳಲು ಕೂತ ಬೀಗರ ಹಾಗೆ ನಾವು,
ಬಾಯಿ ಬಿಡದ ಹುಡುಗಿಯ ಹಾಗೆ ಅದು.

ಬಲ ತೊಲೆಯ ಮೂಗಿನ ಹತ್ತಿರ ಸಂಖ್ಯೆ ಸಿಕ್ಕಿತು.
ಕಾಗದ ಹಾಸಿ ಪೆನ್ಸಿಲ್ ಉಜ್ಜಿದೆ:
ನಾಲ್ಕು, ಒಂದು, ಏಳು, ಆಮೇಲೆ
ಮೂರೋ ಎಂಟೋ.
ತುಕ್ಕು ತಿಂದದ್ದು ಅರ್ಧ ಅಂಕೆ,
ಮೂವರಿಗೂ ಆ ಅರ್ಧದಲ್ಲಿ ತಮ್ಮ ತಮ್ಮ ದೇಶ ಕಂಡಿತು.

ಮೂರನೆಯ ಭಾನುವಾರ ಕಂಡದ್ದು ಹೊಲಿಗೆ.
ನಟ್ಟನಡುವೆ ಯಾರೋ ಕೊಯ್ದು, ಒಂದೂವರೆ ಗೇಣು
ಬೇರೆ ಕಬ್ಬಿಣ ಸೇರಿಸಿದ್ದರು.
ರಿವೆಟ್ಟುಗಳು ಕೈಯಲ್ಲಿ ಬಡಿದವು, ಒಂದರ ತಲೆ ಒಂದರಂತಿಲ್ಲ.
ಅಳೆದ ಅಳತೆಯೆಲ್ಲ ನೀರಿಗೆ ಹೋಯಿತು.
ಒಲಿವೇರಾ ಟೇಪನ್ನು ಜೇಬಿಗೆ ಹಾಕಿಕೊಂಡು
ಮಳೆ ಬರಬಹುದು ಅಂದ. ಮೋಡವಿರಲಿಲ್ಲ.

ನಿಬಿಯಾ ಅರ್ರುವಾ ಬಂದದ್ದು ಮೊಟ್ಟೆಗೆ.
ತೊಂಬತ್ತೊಂದರ ಮುದುಕಿ, ಕೋಲಿನಿಂದ ಅಡ್ಡಪಟ್ಟಿ ತಟ್ಟಿ ಎಣಿಸಿದಳು,
ಐದನೆಯದರ ತುದಿಯ ತೂತಿನೊಳಗೆ
ಕಿರುಬೆರಳು ತೂರಿಸಿ, ತಿರುಗಿಸಿ, ತೆಗೆದಳು.
"ಇಲ್ಲಿ ಗಂಟೆಯ ತಂತಿ ಕಟ್ಟುತ್ತಿದ್ದರು.
ಬ್ರೆಡ್ಡಿನ ಗಾಡಿ. ಪೆಟ್ಟಿಗೆ ಹಿಡಿಸಲಿಲ್ಲ ಅಂತ
ಕುಲುಮೆಯವ ಉದ್ದ ಮಾಡಿಕೊಟ್ಟ."
ಕೋಲು ಬದಲಿಸಿ ಹಿಡಿದಳು.
"ನಮ್ಮಕ್ಕ ಒಂದು ಬೆಳಿಗ್ಗೆ ಇದರಲ್ಲೇ ಹತ್ತಿ ಹೋದಳು,
ಬ್ರೆಡ್ಡಿನ ನಡುವೆ. ಗಂಟೆ ಆ ದಿನ ಬಾರಿಸಲಿಲ್ಲ."

ಮಾವ ಟೋಪಿ ತೆಗೆದ. ಸ್ವಲ್ಪ ಹೊತ್ತಿನ ಮೇಲೆ,
ತಡೆಯಲಾರದೆ, ಕೇಳಿಯೇಬಿಟ್ಟ:
"ಯಾವ ಕಂಪನಿ ಅಂತ ನೆನಪಿದೆಯೇ?"
"ನೀಲಿ," ಅಂದಳು.

ಅವಳು ಹೋದ ಮೇಲೆ ನಾನು ತೊಲೆಯ ಒಳಮೈ ಕೆರೆದೆ.
ಉಗುರಗಲದ ಬಣ್ಣ ಉಳಿದಿತ್ತು, ಹಸಿರು.
"ಅದರ ಕೆಳಗೆ ನೀಲಿ ಇರುತ್ತೆ," ಅಂದ ಮಾವ,
ನನ್ನ ಕೈಯಿಂದ ಚಾಕು ಇಸಿದುಕೊಂಡ.

ಕೊಟ್ಟಿಗೆಯ ಪುಸ್ತಕದಲ್ಲಿ ಅವನ ದಪ್ಪಕ್ಷರ:
ಕಂಪನಿ, ಖಾಲಿ. ವರ್ಷ, ಖಾಲಿ.
ಸಂಖ್ಯೆಯ ಕೊನೆಗೆ ಒಂದು ಚುಕ್ಕೆ.
ಬಣ್ಣ: ನೀಲಿ.

ಹಳ್ಳಕ್ಕೆ ಈಗ ಹೊಸ ಸಿಮೆಂಟಿನ ಸೇತುವೆ.
ಕುರಿಗಳು ದಂಡೆಯಲ್ಲಿ ನಿಂತು ಅದನ್ನು ಮೂಸುತ್ತವೆ,
ಹಿಂದೆ ತಿರುಗಿ
ಕೊಟ್ಟಿಗೆಯ ಕಡೆ ನೋಡುತ್ತವೆ.